ವಿಜ್ಞಾನಿಯ 'ಸೈಟೇಶನ್' ಲೆಕ್ಕ: ಬ್ಯಾನರ್ ನೋಡಿ ಮರುಳಾಗೋ ಮುಂಚೆ ವಹಿ ತೆಗೆದು ನೋಡ್ರಿ

ಅಥಣಿ ರಸ್ತೆಯ ಕಾಲೇಜಿನಿಂದ 2008ರಲ್ಲಿ ಹೊರಟ ಒಂದು ಲೇಖನ ಏನು ಹೇಳುತ್ತದೆ? 'ವಿಶ್ವದ ಶೇ 2 ವಿಜ್ಞಾನಿ' ಅಂದ್ರ ಏನು? ಮಕ್ಕಳನ್ನು ಕಾಲೇಜಿಗೆ ಸೇರಿಸುವವರು ತಿಳಿದಿರಬೇಕಾದ ಲೆಕ್ಕ

ಟಿಕೋಟಾ: ವರ್ಷಕ್ಕೊಮ್ಮೆ ಈ ಸುದ್ದಿ ತಪ್ಪದೆ ಬರುತ್ತದೆ. ಯಾವುದೋ ಕಾಲೇಜಿನ ಪ್ರಾಧ್ಯಾಪಕರು 'ವಿಶ್ವದ ಶೇ 2ರ ಶ್ರೇಷ್ಠ ವಿಜ್ಞಾನಿಗಳ ಪಟ್ಟಿ'ಯಲ್ಲಿ ಸ್ಥಾನ ಪಡೆದರು ಎಂದು ಫೋಟೊ, ಶಾಲು, ಹಾರ. ಮರುದಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅಭಿನಂದನೆಯ ಮಳೆ. ಪ್ರವೇಶದ ಹಂಗಾಮಿನಲ್ಲಿ ಅದೇ ಸಾಲು ಕಾಲೇಜಿನ ಫ್ಲೆಕ್ಸಿಗೆ ಏರುತ್ತದೆ: 'ಇಷ್ಟು ನೂರು ಸಂಶೋಧನಾ ಲೇಖನ, ಇಷ್ಟು ಸಾವಿರ ಸೈಟೇಶನ್, ಎಚ್-ಇಂಡೆಕ್ಸ್ ಇಷ್ಟು.'

ಘೋಣಸಗಿಯ ದ್ರಾಕ್ಷಿ ಬೆಳೆಗಾರನಿಗಾಗಲಿ, ಟಿಕೋಟಾದ ಕಿರಾಣಿ ಅಂಗಡಿಯವರಿಗಾಗಲಿ ಈ ಸಾಲು ಅರ್ಥವಾಗದಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಅದೇ ಸಾಲನ್ನು ನಂಬಿ ಮಗಳ ಫೀಸಿಗೆ ಲಕ್ಷಗಟ್ಟಲೆ ರೊಕ್ಕ ಕಟ್ಟುವವರು ಅವರೇ. 'ಅಂತರರಾಷ್ಟ್ರೀಯ ಜರ್ನಲ್‌ನಲ್ಲಿ ಸಾಬೀತಾಗಿದೆ' ಎಂಬ ಮಾತು ಕೇಳಿ ತೋಟಕ್ಕೆ ಟಾನಿಕ್ ಡಬ್ಬಿ, ಮನೆಗೆ ಶಕ್ತಿಪುಡಿ ಕೊಳ್ಳುವವರೂ ಅವರೇ. ಹಾಗಾಗಿ ಈ ಲೆಕ್ಕ ಪ್ರಾಧ್ಯಾಪಕರಿಗಷ್ಟೇ ಬಿಟ್ಟದ್ದಲ್ಲ. ಅದನ್ನು ಬಿಡಿಸಿ ನೋಡಲು ದೂರದ ಉದಾಹರಣೆಯೂ ಬೇಕಿಲ್ಲ. ವಿಜಯಪುರ ನಗರದಲ್ಲೇ ಒಂದಿದೆ.

ಅಥಣಿ ರಸ್ತೆಯಿಂದ ಹೊರಟ ಲೇಖನ

ಟಿಕೋಟಾದಿಂದ ವಿಜಯಪುರಕ್ಕೆ ಹೋಗುವ ಬಸ್ಸು ಅಥಣಿ ರಸ್ತೆಯಲ್ಲೇ ನಗರ ಸೇರುತ್ತದೆ. ಅದೇ ರಸ್ತೆಯಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜು ಇದೆ. 2008ರಲ್ಲಿ ಅಲ್ಲಿನ ಫಿಸಿಯಾಲಜಿ ವಿಭಾಗದಿಂದ ಒಂದು ಲೇಖನ ಹೊರಬಂತು. ವಿಷಯ: ನಿಕಲ್ ಎಂಬ ಲೋಹ ಮನುಷ್ಯನ ದೇಹಕ್ಕೆ ಮಾಡುವ ಕೇಡು. ಬರೆದವರು ಮೂವರು: ಕುಶಲ್ ಕೆ. ದಾಸ್, ಸ್ವಸ್ತಿಕಾ ಎನ್. ದಾಸ್ ಮತ್ತು ಸಲೀಂ ಎ. ಧುಂಡಸಿ. ಪ್ರಕಟವಾದದ್ದು ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನ 128ನೇ ಸಂಪುಟದಲ್ಲಿ, 412ರಿಂದ 425ನೇ ಪುಟದವರೆಗೆ. ಅದು 1913ರಿಂದ ಬರುತ್ತಿರುವ ಪತ್ರಿಕೆ. ಈಗ ಕೇಂದ್ರ ಸರ್ಕಾರದ ಐಸಿಎಂಆರ್ ಅದನ್ನು ನಡೆಸುತ್ತದೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ರೊಕ್ಕ ಕೊಡದೆ ಓದಬಹುದು.

ದಾಸ್ ಅವರು ಮುಂದೆ ಬಿಎಲ್‌ಡಿಇ ವಿಶ್ವವಿದ್ಯಾಲಯದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿಗೆ ಬಂದು ರಕ್ತನಾಳಗಳ ಕುರಿತ ಪ್ರಯೋಗಾಲಯ ನಡೆಸಿದವರು. ವಿಭಾಗದ ಹೆಸರು ಫಿಸಿಯಾಲಜಿ ಆದರೂ ಆ ಲೇಖನದ ಒಳಗಿನ ಮಾತು ಜೀವರಸಾಯನಶಾಸ್ತ್ರದ್ದು. ಲೋಹದ ಕಣ ಜೀವಕೋಶದೊಳಗೆ ಹೊಕ್ಕಾಗ ಅಲ್ಲಿ 'ಆಕ್ಸಿಡೇಟಿವ್ ಸ್ಟ್ರೆಸ್' ಹೇಗೆ ಹುಟ್ಟುತ್ತದೆ, ಅಂದರೆ ಕಬ್ಬಿಣಕ್ಕೆ ಜಂಗು ಹಿಡಿದ ಹಾಗೆ ಕೋಶದ ಪದರ, ಪ್ರೋಟೀನು ಹೇಗೆ ಹಾಳಾಗುತ್ತವೆ, ವಿಟಮಿನ್ ಸಿ ತರಹದ ವಸ್ತು ಅದನ್ನು ಎಷ್ಟರಮಟ್ಟಿಗೆ ತಡೆಯಬಲ್ಲದು ಎಂಬ ವಿವರಣೆ ಅದರಲ್ಲಿದೆ.

ನಿಕಲ್ ನಮ್ಮೂರಿಗೆ ಅಪರಿಚಿತ ಲೋಹವೇನಲ್ಲ. ಸ್ಟೀಲ್ ಪಾತ್ರೆಯಲ್ಲಿದೆ, ಬ್ಯಾಟರಿಯಲ್ಲಿದೆ, ಹೊಳಪಿನ ಲೇಪನ ಹಾಕುವ ಕೆಲಸದಲ್ಲಿದೆ. ಜಾತ್ರೆಯಲ್ಲಿ ಕೊಂಡ ಕಡಿಮೆ ಬೆಲೆಯ ಕಿವಿಯೋಲೆ ಹಾಕಿದ ಎರಡೇ ದಿನಕ್ಕೆ ಹುಡುಗಿಯ ಕಿವಿ ಕೆಂಪಾಗಿ ತುರಿಸಲು ಶುರುವಾದರೆ ಹಲವು ಸಲ ಅದಕ್ಕೆ ಕಾರಣ ನಿಕಲ್ ಅಲರ್ಜಿ. ಯುರೋಪಿನ ದೇಶಗಳು 1994ರಲ್ಲೇ ಚರ್ಮಕ್ಕೆ ತಾಗುವ ಒಡವೆಗಳಿಂದ ಎಷ್ಟು ನಿಕಲ್ ಹೊರಬರಬಹುದು ಎಂಬುದಕ್ಕೆ ಮಿತಿ ಹಾಕುವ ನಿಯಮ ತಂದವು. ಕೃತಕ ಆಭರಣ ಮಾರುವ ಅಂಗಡಿಯವರಿಗೆ ಇದು ನೇರವಾಗಿ ಸಂಬಂಧಿಸಿದ ವಿಷಯ.

ಆ ಲೇಖನವನ್ನು ಆಮೇಲೆ ಬೇರೆ ಬೇರೆ ದೇಶಗಳ ಸಂಶೋಧಕರು ನೂರಾರು ಸಲ ಹೆಸರಿಸಿದ್ದಾರೆ. ಮಣ್ಣಿನಲ್ಲಿ ಲೋಹ ಎಷ್ಟಿದೆ ಎಂದು ಅಳೆದವರು, ಕುಡಿಯುವ ನೀರು ಪರೀಕ್ಷಿಸಿದವರು, ಕಾರ್ಖಾನೆ ಕಾರ್ಮಿಕರ ಆರೋಗ್ಯ ನೋಡಿದವರು 'ನಿಕಲ್ ಹೀಗೆ ಕೇಡು ಮಾಡುತ್ತದೆ' ಎಂದು ಬರೆದ ಕಡೆ ವಿಜಯಪುರದ ಈ ಲೇಖನವನ್ನು ಆಧಾರವಾಗಿ ತೋರಿಸಿದರು. ಹೀಗೆ ತೋರಿಸುವುದಕ್ಕೇ 'ಸೈಟೇಶನ್' ಎನ್ನುವುದು. ಕನ್ನಡದಲ್ಲಿ ಉಲ್ಲೇಖ.

ಉಲ್ಲೇಖ ಅಂದ್ರ ಏನ್ರಿ?

ವ್ಯಾಪಾರದ ಮಾತಿನಲ್ಲಿ ಹೇಳಬೇಕೆಂದರೆ, ಹೊಸ ಗಿರಾಕಿ ಬಂದು ಉದ್ರಿ ಕೇಳಿದಾಗ 'ಇವರ ಪೈಕಿ' ಎಂದು ಹೆಸರು ಹೇಳುತ್ತಾನಲ್ಲ, ಹಂಗ. ಸಂಶೋಧಕನೊಬ್ಬ ಹೊಸ ಲೇಖನ ಬರೆಯುವಾಗ ಎಲ್ಲವನ್ನೂ ತಾನೇ ಮೊದಲಿಂದ ಸಾಬೀತು ಮಾಡಲಾರ. 'ಈ ಮಾತನ್ನು ಇಂಥವರು ಮೊದಲೇ ತೋರಿಸಿದ್ದಾರೆ' ಎಂದು ಹೆಸರು ಹೇಳಿ ಮುಂದೆ ಹೋಗುತ್ತಾನೆ. ಹೆಸರು ಬಂದವನ ಖಾತೆಗೆ ಒಂದು ಉಲ್ಲೇಖ ಜಮಾ.

ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಎಂಬವರು 1955ರಲ್ಲಿ ಈ ಜಮಾಖರ್ಚನ್ನು ಒಂದೇ ಕಡೆ ಬರೆದಿಡುವ ಯೋಚನೆ ಮುಂದಿಟ್ಟರು. 1964ರಲ್ಲಿ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಹೊರಬಂತು. ಉದ್ದೇಶ ಸರಳವಾಗಿತ್ತು: ಒಂದು ಹಳೆಯ ಲೇಖನವನ್ನು ಮುಂದೆ ಯಾರು ಬಳಸಿದರು ಎಂದು ಹುಡುಕಿಕೊಂಡು ಹೋಗಲು ದಾರಿ ಬೇಕಿತ್ತು. ದಾರಿ ತೋರಿಸಲು ಬಂದ ವಹಿ ಕಾಲಕ್ರಮೇಣ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. ಗೊಂದಲ ಶುರುವಾದದ್ದು ಅಲ್ಲಿಂದ.

ಲೇಖನ ಎರಡು, ತೂಕ ಬೇರೆ ಬೇರೆ

ವಿಜಯಪುರದ ನಿಕಲ್ ಲೇಖನ ಒಂದು 'ರಿವ್ಯೂ'. ಅಂದರೆ ಅದು ಒಂದೇ ಪ್ರಯೋಗದ ವರದಿಯಲ್ಲ. ಜಗತ್ತಿನಲ್ಲಿ ಆವರೆಗೆ ನಿಕಲ್ ಬಗ್ಗೆ ನಡೆದ ಕೆಲಸಗಳನ್ನು, ತಮ್ಮ ತಂಡದ ಪ್ರಯೋಗಗಳನ್ನೂ ಸೇರಿಸಿ, ಒಂದು ಕಡೆ ಕೂಡಿಸಿ ಜರಡಿ ಹಿಡಿದು ಕೊಟ್ಟ ಬರಹ. ಇಂಥ ಬರಹಕ್ಕೆ ಸಾಮಾನ್ಯವಾಗಿ ಹೆಚ್ಚು ಉಲ್ಲೇಖ ಸಿಗುತ್ತದೆ. ಇಪ್ಪತ್ತು ಅಂಗಡಿ ಸುತ್ತುವ ಬದಲು ಎಲ್ಲ ಸಾಮಾನು ಒಂದೇ ಕಡೆ ಸಿಗುವ ಅಂಗಡಿಗೆ ಮಂದಿ ಹೆಚ್ಚು ಬರುತ್ತಾರಲ್ಲ, ಹಾಗೆ.

ಅದೇ 2008ರಲ್ಲಿ ಅದೇ ತಂಡ ಇನ್ನೊಬ್ಬ ಸಂಶೋಧಕರ ಜೊತೆ ಸೇರಿ ಒಂದು ಪ್ರಯೋಗದ ವರದಿಯನ್ನೂ ಪ್ರಕಟಿಸಿತು. ಗಂಡು ಬಿಳಿ ಇಲಿಗಳಿಗೆ ನಿಕಲ್ ಮತ್ತು ಕ್ರೋಮಿಯಂ ಕೊಟ್ಟು, ಜೊತೆಗೆ ಬೆಳ್ಳುಳ್ಳಿ ರಸ ಕೊಟ್ಟಾಗ ರಕ್ತದ ಕೊಬ್ಬಿನಂಶದಲ್ಲಿ ಏನಾಗುತ್ತದೆ ಎಂದು ನೋಡಿದ ಕೆಲಸ ಅದು. ಲೋಹಗಳಿಂದ ಆದ ಏರುಪೇರನ್ನು ಬೆಳ್ಳುಳ್ಳಿ ತಗ್ಗಿಸಿತು ಎಂದು ಕಂಡುಬಂತು. ಇದು ಸ್ವಂತ ಪ್ರಯೋಗದಿಂದ ಬಂದ ಹೊಸ ಮಾಹಿತಿ. ಹಾಗಂತ ಇಲಿಯ ಮೇಲಿನ ಫಲಿತಾಂಶ ಹಿಡಿದುಕೊಂಡು 'ಬೆಳ್ಳುಳ್ಳಿ ತಿಂದರೆ ಲೋಹದ ವಿಷ ಹೋಗುತ್ತದೆ' ಎಂದು ಯಾರಾದರೂ ಪುಡಿ ಮಾರಿದರೆ ಅದು ತಪ್ಪು. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಆಗಿಯೇ ತೀರಬೇಕೆಂದಿಲ್ಲ. ಲೇಖನ ಬರೆದವರು ಹೇಳಿದ್ದು ಇಲಿಯ ಮಾತನ್ನು ಮಾತ್ರ.

ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಆ ಬೆಳ್ಳುಳ್ಳಿ ಲೇಖನ ಬಂದದ್ದು ಪರಿಸರ ಮತ್ತು ಸಾರ್ವಜನಿಕ ಆರೋಗ್ಯ ಕುರಿತ ಒಂದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ. 2008ರಲ್ಲಿ ಅದು ಚಿಕ್ಕ ಪತ್ರಿಕೆ. ಆಮೇಲೆ ವರ್ಷಕ್ಕೆ ಸಾವಿರಾರು ಲೇಖನ ಹಾಕುವಷ್ಟು ಬೆಳೆಯಿತು. 2023ರಲ್ಲಿ ಕ್ಲಾರಿವೇಟ್ ಸಂಸ್ಥೆ, ವಿಷಯಕ್ಕೆ ಸಂಬಂಧಿಸದ ಲೇಖನ ಹಾಕುತ್ತಿದೆ ಎಂಬ ಕಾರಣಕ್ಕೆ ಅದನ್ನು 'ವೆಬ್ ಆಫ್ ಸೈನ್ಸ್' ಪಟ್ಟಿಯಿಂದ ತೆಗೆದುಹಾಕಿತು. ಅದರ ಇಂಪ್ಯಾಕ್ಟ್ ಫ್ಯಾಕ್ಟರ್ ಹೋಯಿತು. 15 ವರ್ಷ ಹಿಂದಿನ ಇಲಿಯ ಪ್ರಯೋಗ ಇದರಿಂದ ಕೆಟ್ಟದಾಯಿತೆ? ಇಲ್ಲ. ಪತ್ರಿಕೆಯ ದರ ಏರುತ್ತದೆ, ಇಳಿಯುತ್ತದೆ. ಲೇಖನದ ಒಳಗಿನ ಕೆಲಸ ಇದ್ದಲ್ಲೇ ಇರುತ್ತದೆ. ಪೆಟ್ಟಿಗೆಯ ಮೇಲಿನ ಚೀಟಿ ನೋಡಿ ಒಣದ್ರಾಕ್ಷಿಗೆ ಯಾರೂ ದರ ಕಟ್ಟುವುದಿಲ್ಲ. ಪೆಟ್ಟಿಗೆ ಬಿಚ್ಚಿ, ಒಂದು ಹಿಡಿ ಕೈಗೆ ತೆಗೆದುಕೊಂಡು, ಬಣ್ಣ, ಗಾತ್ರ, ಅಂಟು ನೋಡಿ ದರ ಹೇಳುತ್ತಾರೆ.

ಎಚ್-ಇಂಡೆಕ್ಸ್: ಒಂದು ಕಾಗದ, ಒಂದು ಪೆನ್ನು ಸಾಕು

ಅಮೆರಿಕದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಹೇಳಿದ ಲೆಕ್ಕ ಇದು. ವಿಜ್ಞಾನಿಯ ಲೇಖನಗಳನ್ನು ಹೆಚ್ಚು ಉಲ್ಲೇಖದಿಂದ ಕಡಿಮೆಯತ್ತ ಸಾಲಾಗಿ ಬರೆಯಿರಿ. ಕನಿಷ್ಠ 5 ಲೇಖನಗಳಿಗೆ ತಲಾ ಕನಿಷ್ಠ 5 ಉಲ್ಲೇಖ ಇದ್ದು, 6ನೆಯದಕ್ಕೆ 6 ಇಲ್ಲದಿದ್ದರೆ ಎಚ್-ಇಂಡೆಕ್ಸ್ 5.

ಒಬ್ಬರ ಲೇಖನಗಳ ಉಲ್ಲೇಖ 40, 12, 6, 5, 5, 2, 0 ಎಂದುಕೊಳ್ಳಿ. ಒಟ್ಟು 70. ಎಚ್-ಇಂಡೆಕ್ಸ್ 5. ಇನ್ನೊಬ್ಬರದು 900, 3, 2, 1, 0, 0, 0. ಒಟ್ಟು 906. ಎಚ್-ಇಂಡೆಕ್ಸ್ ಬರೀ 2. ಯಾರು ದೊಡ್ಡವರು? ಒಟ್ಟು ನೋಡಿದರೆ ಎರಡನೆಯವರು, ಎಚ್-ಇಂಡೆಕ್ಸ್ ನೋಡಿದರೆ ಮೊದಲನೆಯವರು. ಫ್ಲೆಕ್ಸ್ ಮಾಡಿಸುವವರು ಯಾವುದು ದೊಡ್ಡದಾಗಿ ಕಾಣುತ್ತದೋ ಅದನ್ನು ಹಾಕಿಸುತ್ತಾರೆ. ಇಬ್ಬರಲ್ಲಿ ಯಾರ ಕೆಲಸ ಚೊಲೊ ಎಂಬುದಕ್ಕೆ ಈ ಎರಡೂ ಅಂಕಿ ಉತ್ತರ ಕೊಡುವುದಿಲ್ಲ. ದಿನಾ ಹತ್ತಿಪ್ಪತ್ತು ಗಿರಾಕಿ ಬರುವ ಅಂಗಡಿ ಒಂದು, ಜಾತ್ರೆಯಲ್ಲಿ ಮಾತ್ರ ನೂಕುನುಗ್ಗಲಾಗುವ ಅಂಗಡಿ ಇನ್ನೊಂದು. ಎರಡರ ಸ್ವಭಾವ ಬೇರೆ, ಅಷ್ಟೇ.

ವಯಸ್ಸಿನ ಪ್ರಶ್ನೆಯೂ ಇದೆ. ಎಚ್-ಇಂಡೆಕ್ಸ್ ಏರುತ್ತದೆಯೇ ಹೊರತು ಇಳಿಯುವುದು ಅಪರೂಪ. 30 ವರ್ಷ ಸೇವೆ ಮಾಡಿದವರದು ದೊಡ್ಡದಿದ್ದರೆ, ನಿನ್ನೆ ಮೊನ್ನೆ ಪಿಎಚ್‌.ಡಿ ಮುಗಿಸಿದವರದು ಚಿಕ್ಕದಿದ್ದರೆ ಅದು ಸಹಜ. ವಿಷಯವೂ ಮುಖ್ಯ. ಜೀವರಸಾಯನ, ವೈದ್ಯಕೀಯದಲ್ಲಿ ಒಂದು ಲೇಖನಕ್ಕೆ ಹತ್ತಾರು ಆಧಾರ ಕೊಡುವ ರೂಢಿ ಇದೆ. ಗಣಿತದಲ್ಲಿ ಅಷ್ಟು ಇಲ್ಲ. ಗಣಿತದ ಮೇಷ್ಟ್ರನ್ನೂ ವೈದ್ಯಕೀಯ ಪ್ರಾಧ್ಯಾಪಕರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಜೋಳದ ಚೀಲದ ದರದಲ್ಲಿ ಕೇಸರಿ ಅಳೆದ ಹಾಗೆ.

ಅತಿ ಹೆಚ್ಚು ಉಲ್ಲೇಖ, ಅತಿ ದೊಡ್ಡ ಶೋಧವೇನಲ್ಲ

ಜಗತ್ತಿನಲ್ಲಿ ಅತಿ ಹೆಚ್ಚು ಸಲ ಉಲ್ಲೇಖಗೊಂಡ ಲೇಖನ ಯಾವುದು? ನೇಚರ್ ಪತ್ರಿಕೆ 2014ರಲ್ಲಿ ಮೊದಲ 100 ಲೇಖನಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಸಿಕ್ಕಿದ್ದು ಐನ್‌ಸ್ಟೀನ್‌ಗೆ ಅಲ್ಲ, ಡಿಎನ್‌ಎ ರಚನೆ ಕಂಡುಹಿಡಿದವರಿಗೂ ಅಲ್ಲ. ಆಲಿವರ್ ಲೋರಿ ಎಂಬ ಜೀವರಸಾಯನ ವಿಜ್ಞಾನಿ ಸಂಗಡಿಗರ ಜೊತೆ 1951ರಲ್ಲಿ ಬರೆದ, ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನದ ಲೇಖನಕ್ಕೆ. ಆಗ ಅದರ ಉಲ್ಲೇಖ 3,05,148. ಎರಡನೆಯದೂ ಪ್ರೋಟೀನ್ ಬೇರ್ಪಡಿಸುವ ಪ್ರಯೋಗಕ್ಕೆ ಸಂಬಂಧಿಸಿದ್ದು, ಮೂರನೆಯದೂ ಪ್ರೋಟೀನ್ ಅಳತೆಯದು. ಅಂದರೆ ಮೊದಲ ಮೂರೂ ಪ್ರಯೋಗಾಲಯದ 'ಅಳತೆಗೋಲು'ಗಳು. ದಿನಾ ಬೇಕಾಗುವ ವಸ್ತುವಾದ್ದರಿಂದ ಎಲ್ಲರೂ ಹೆಸರು ಹೇಳಿದರು. ತಮ್ಮ ಆ ಲೇಖನ ದೊಡ್ಡ ಶೋಧವೇನಲ್ಲ ಎಂದು ಲೋರಿ ಅವರೇ ಒಪ್ಪಿಕೊಂಡಿದ್ದರು.

ಇದಕ್ಕೆ ಎದುರಾದ ಉದಾಹರಣೆ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಜೀವರಸಾಯನ ವಿಜ್ಞಾನಿ. 1925ರಲ್ಲಿ ಸೈರಸ್ ಫಿಸ್ಕೆ ಜೊತೆ ರಂಜಕ ಅಳೆಯುವ ವಿಧಾನ ಪ್ರಕಟಿಸಿದರು. ಅದು ಇಂದಿಗೂ 'ಫಿಸ್ಕೆ-ಸುಬ್ಬರಾವ್ ವಿಧಾನ'. ಇಷ್ಟಾದರೂ ಹಾರ್ವರ್ಡ್‌ನಲ್ಲಿ ಅವರಿಗೆ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲಿ ಎಂಬ ಔಷಧ ಕಂಪನಿಗೆ ಹೋದರು. ಅಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಬಂದ ಔಷಧಗಳಲ್ಲಿ ಒಂದು ಆನೆಕಾಲು ರೋಗದ ಡಿಇಸಿ ಮಾತ್ರೆ. ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಬಂದು, ಎದುರಿಗೇ ನುಂಗಿಸಿ ಹೋಗುವ ಮಾತ್ರೆ ಅದೇ. ಅದನ್ನು ನುಂಗಿದ ಲಕ್ಷಾಂತರ ಮಂದಿಯಲ್ಲಿ ಒಬ್ಬರೂ ಸುಬ್ಬರಾವ್ ಖಾತೆಗೆ 'ಉಲ್ಲೇಖ' ಜಮಾ ಮಾಡಿಲ್ಲ. ಕಾಲು ಊದದೆ ಉಳಿದದ್ದು ಯಾವ ಇಂಡೆಕ್ಸಿನಲ್ಲೂ ಬರುವುದಿಲ್ಲ.

'ಶೇ 2' ಪಟ್ಟಿ ಯಾರದು?

ಈ ಪಟ್ಟಿಯನ್ನು ಸಾಮಾನ್ಯವಾಗಿ 'ಸ್ಟ್ಯಾನ್‌ಫರ್ಡ್ ಪ್ರಶಸ್ತಿ' ಎಂಬಂತೆ ಬರೆಯಲಾಗುತ್ತದೆ. ಅದು ಪ್ರಶಸ್ತಿಯಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೋನಿಡಿಸ್ ಮತ್ತು ಸಂಗಡಿಗರು, ಎಲ್ಸೆವಿಯರ್ ಪ್ರಕಾಶನದ 'ಸ್ಕೋಪಸ್' ಮಾಹಿತಿ ಬಳಸಿ ತಯಾರಿಸುವ ಒಂದು ಅಂಕಿಅಂಶದ ಕಡತ. ಯಾರೂ ಅರ್ಜಿ ಹಾಕುವುದಿಲ್ಲ, ಯಾರೂ ಆಯ್ಕೆ ಸಮಿತಿಯಲ್ಲಿ ಕೂತು ಲೇಖನ ಓದುವುದಿಲ್ಲ. ಕಂಪ್ಯೂಟರು ಲೆಕ್ಕ ಹಾಕುತ್ತದೆ.

ಆ ಲೆಕ್ಕದಲ್ಲಿ ಒಳ್ಳೆಯ ಅಂಶಗಳೂ ಇವೆ. ಬರೀ ಒಟ್ಟು ಉಲ್ಲೇಖ ನೋಡದೆ ಆರು ಅಳತೆಗಳನ್ನು ಕೂಡಿಸುತ್ತಾರೆ. ಲೇಖನದಲ್ಲಿ ಒಬ್ಬರೇ ಬರೆದದ್ದೋ, ಮೊದಲ ಹೆಸರೋ, ಕೊನೆಯ ಹೆಸರೋ ಎಂದು ನೋಡುತ್ತಾರೆ. ಮೂವತ್ತು ಜನರ ನಡುವೆ ಹೆಸರು ತೂರಿಸಿಕೊಂಡವರಿಗೆ ಅಷ್ಟು ತೂಕ ಸಿಗದಿರಲಿ ಎಂಬುದು ಉದ್ದೇಶ. ತಮ್ಮ ಲೇಖನವನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಸೇರಿಸಿ ಒಂದು ಲೆಕ್ಕ, ಬಿಟ್ಟು ಒಂದು ಲೆಕ್ಕ. 2024ರಿಂದ ಹಿಂಪಡೆದ ಲೇಖನಗಳ ಮಾಹಿತಿಯನ್ನೂ ಸೇರಿಸಿದ್ದಾರೆ.

ಪಟ್ಟಿ ಎರಡು ಬಗೆ: ಇಡೀ ವೃತ್ತಿಜೀವನದ್ದು ಒಂದು, ಒಂದೇ ವರ್ಷದ್ದು ಇನ್ನೊಂದು. ಸನ್ಮಾನದ ಸುದ್ದಿಯಲ್ಲಿ ಯಾವ ಪಟ್ಟಿ ಎಂದು ಹೇಳುವುದೇ ಇಲ್ಲ. ಮುಂದಿನ ಸಲ ಅಂಥ ಸುದ್ದಿ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: 'ಪೂರ್ತಿ ವೃತ್ತಿಯದ್ದೋ, ಒಂದು ವರ್ಷದ್ದೋ?'

ರೊಕ್ಕ ಕೊಟ್ಟರೆ ಉಲ್ಲೇಖವೂ ಸಿಗುತ್ತದೆ

ಯಾವುದರಿಂದ ಬಡ್ತಿ, ಸಂಬಳ, ರ್‍ಯಾಂಕ್ ಸಿಗುತ್ತದೋ ಅದಕ್ಕೆ ಕಳ್ಳಪೇಟೆ ಹುಟ್ಟುತ್ತದೆ. ಉಲ್ಲೇಖಕ್ಕೂ ಹುಟ್ಟಿದೆ. ಅಬುಧಾಬಿಯ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಸುಳ್ಳು ವಿಜ್ಞಾನಿಯ ಹೆಸರು ಸೃಷ್ಟಿಸಿ, 300 ಡಾಲರ್ ಕೊಟ್ಟು 50 ಉಲ್ಲೇಖ ಕೊಂಡು ತೋರಿಸಿದರು. 2024ರಲ್ಲಿ ಇನ್ನಿಬ್ಬರು ಸಂಶೋಧಕರು 'ಲ್ಯಾರಿ' ಎಂಬ ಬೆಕ್ಕಿನ ಹೆಸರಿನಲ್ಲಿ ಡಜನ್ ಸುಳ್ಳು ಲೇಖನ ಅಂತರ್ಜಾಲಕ್ಕೆ ಹಾಕಿ, ಅವುಗಳನ್ನು ಉಲ್ಲೇಖಿಸುವ ಇನ್ನಷ್ಟು ಸುಳ್ಳು ಲೇಖನ ಸೇರಿಸಿದರು. ಕೆಲವೇ ದಿನಗಳಲ್ಲಿ ಗೂಗಲ್ ಸ್ಕಾಲರ್‌ನಲ್ಲಿ ಆ ಬೆಕ್ಕಿಗೆ ನೂರಕ್ಕೂ ಹೆಚ್ಚು ಉಲ್ಲೇಖ! ಎಷ್ಟೋ ಮಂದಿ ಮೇಷ್ಟ್ರಿಗಿಂತ ಬೆಕ್ಕಿನ ಎಚ್-ಇಂಡೆಕ್ಸ್ ಮೇಲಾಯಿತು. ನಗು ಬರುವ ಸಂಗತಿ ಹೌದು, ಆದರೆ ಅದೇ ಅಂಕಿ ಫ್ಲೆಕ್ಸಿಗೆ ಬಂದರೆ ಬೆಕ್ಕೋ ಮನುಷ್ಯನೋ ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ತುದಿಯಲ್ಲಿ ಲೇಖನ ಹಿಂಪಡೆಯುವ ಪ್ರಕರಣಗಳು. 2023 ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಲೇಖನಗಳನ್ನು ಹಿಂಪಡೆಯಲಾಯಿತು. ದೊಡ್ಡ ಹೆಸರಿನ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಬೆಂಗಳೂರಿನ ಎನ್‌ಸಿಬಿಎಸ್‌ನ ಒಂದು ಪ್ರಯೋಗಾಲಯ 2020ರಲ್ಲಿ ನೇಚರ್ ಕೆಮಿಕಲ್ ಬಯಾಲಜಿ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವನ್ನು, ಚಿತ್ರಗಳನ್ನು ತಿದ್ದಿರುವುದು ಗೊತ್ತಾದ ಮೇಲೆ 2021ರಲ್ಲಿ ಹಿಂಪಡೆಯಲಾಯಿತು. ಪತ್ರಿಕೆ ಉತ್ತಮ ದರ್ಜೆಯದ್ದು, ಸಂಸ್ಥೆ ಉತ್ತಮ ದರ್ಜೆಯದ್ದು. ಆದರೂ ತಪ್ಪು ನುಸುಳಿತು. ಬೇರೆ ಸಂಶೋಧಕರು ಚಿತ್ರಗಳನ್ನು ಕಣ್ಣಿಟ್ಟು ನೋಡಿದ್ದರಿಂದಲೇ ಅದು ಬಯಲಾಯಿತು.

ಸರ್ಕಾರವೂ ಈಗ ಎಚ್ಚೆತ್ತಿದೆ. ಕಾಲೇಜುಗಳ ಎನ್‌ಐಆರ್‌ಎಫ್ ರ್‍ಯಾಂಕಿಂಗ್‌ನಲ್ಲಿ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಶೇ 30ರಷ್ಟು ತೂಕ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ ರ್‍ಯಾಂಕಿಂಗ್‌ನಿಂದ ಹಿಂಪಡೆದ ಲೇಖನಗಳಿಗೆ ಅಂಕ ಕಡಿತ ಶುರುವಾಗಿದೆ. ಹಿಂದೆ ಬರೀ ಜಮಾ ಇದ್ದ ಖಾತೆಗೆ ಈಗ ಖರ್ಚಿನ ಕಾಲಮ್ಮೂ ಬಂದಿದೆ.

ನಮ್ಮ ಮನೆಗೆ ಇದರಿಂದ ಏನು?

ಮೊದಲನೆಯದು, ಪಿಎಚ್‌.ಡಿ ಮಾಡುತ್ತಿರುವ ಮಕ್ಕಳು. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಜಿಲ್ಲೆಯಲ್ಲೇ ಇರುವುದರಿಂದ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಸಂಶೋಧನೆಯವರೆಗೆ ಹೋಗುವುದು ಈಗ ಹೊಸ ಮಾತಲ್ಲ. ಅವರ ಇಮೇಲಿಗೆ '3 ದಿನದಲ್ಲಿ ಪ್ರಕಟಣೆ, ಫೀಸು ಇಷ್ಟು' ಎಂಬ ಆಮಿಷಗಳು ಬರುತ್ತವೆ. ನೆನಪಿಡಬೇಕಾದ್ದು ಎರಡು. ಯುಜಿಸಿಯ 2022ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮುಂಚೆ ಲೇಖನ ಪ್ರಕಟಿಸಲೇಬೇಕು ಎಂಬ ಕಡ್ಡಾಯವನ್ನು ತೆಗೆದುಹಾಕಲಾಗಿದೆ. ಆದರೂ ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮ ಏನಿದೆ ಎಂದು ಕೇಳಿಕೊಳ್ಳಬೇಕು. ಎರಡನೆಯದಾಗಿ, ಒಳ್ಳೆಯ ಪತ್ರಿಕೆಗಳನ್ನು ಗುರುತಿಸಲು ಇದ್ದ ಯುಜಿಸಿ-ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ನಿಲ್ಲಿಸಲಾಯಿತು. ಇನ್ನು 'ಕೇರ್ ಪಟ್ಟಿಯಲ್ಲಿ ಇದೆ' ಎಂದು ಹೇಳಿ ರೊಕ್ಕ ಕೇಳುವವರನ್ನು ನಂಬುವಂತಿಲ್ಲ. ವಿಮರ್ಶಕರು ಲೇಖನ ಓದಿ ಪ್ರಶ್ನೆ ಕೇಳಲು ವಾರಗಳು, ತಿಂಗಳುಗಳು ಹಿಡಿಯುತ್ತವೆ. ಮೂರು ದಿನದಲ್ಲಿ ಮುದ್ರಿಸುವ ಪತ್ರಿಕೆ ಲೇಖನ ಓದಿಯೇ ಇಲ್ಲ ಎಂದರ್ಥ.

ಎರಡನೆಯದು, ಕಾಲೇಜು ಆಯ್ಕೆ. ಒಬ್ಬ ಪ್ರಾಧ್ಯಾಪಕರ ಉಲ್ಲೇಖ ಇಡೀ ಕಾಲೇಜಿನ ಪಾಠದ ಗುಣಮಟ್ಟ ಹೇಳುವುದಿಲ್ಲ. ಆ ಪ್ರಾಧ್ಯಾಪಕರು ಪದವಿ ತರಗತಿಗೆ ಪಾಠ ಮಾಡುತ್ತಾರೋ ಇಲ್ಲವೋ, ಪ್ರಯೋಗಾಲಯದಲ್ಲಿ ನಮ್ಮ ಹುಡುಗಿ ತಾನೇ ಕೈಯಿಟ್ಟು ಪ್ರಯೋಗ ಮಾಡುತ್ತಾಳೋ ಅಥವಾ ದೂರ ನಿಂತು ನೋಡುತ್ತಾಳೋ, ಹಿಂದಿನ ಬ್ಯಾಚಿನವರು ಏನಾದರು. ಪ್ರವೇಶಕ್ಕೆ ಹೋದ ದಿನ ಇವನ್ನು ಕೇಳಬೇಕು.

ಮೂರನೆಯದು, ಅಂಗಡಿಗೆ ಬರುವ ಮಾಲು. ದ್ರಾಕ್ಷಿ ತೋಟಕ್ಕೆಂದು ಬರುವ ಬೆಳವಣಿಗೆ ದ್ರಾವಣ, ಸಕ್ಕರೆ ಕಾಯಿಲೆಯವರಿಗೆಂದು ಬರುವ ಪುಡಿ, ಎಲ್ಲದರ ಚೀಟಿಯ ಮೇಲೂ 'ವೈಜ್ಞಾನಿಕವಾಗಿ ಸಾಬೀತು' ಎಂದಿರುತ್ತದೆ. ಏಜೆಂಟ್ ಬಂದಾಗ ಅಂಗಡಿಯವರು ಕೇಳಬಹುದು: ಯಾವ ಲೇಖನ, ಯಾವ ವರ್ಷ, ಇಲಿಯ ಮೇಲೋ ಮನುಷ್ಯನ ಮೇಲೋ, ಪ್ರಯೋಗಶಾಲೆಯಲ್ಲೋ ಹೊಲದಲ್ಲೋ, ರೊಕ್ಕ ಕೊಟ್ಟು ಮಾಡಿಸಿದ್ದು ಯಾರು? ಉತ್ತರ ಬಾರದಿದ್ದರೆ ಮಾಲು ಇಟ್ಟುಕೊಳ್ಳುವ ಮುಂಚೆ ಇನ್ನೊಂದು ಸಲ ಯೋಚಿಸಬಹುದು. ಗಿರಾಕಿ ಹಾಳಾದರೆ ಹೆಸರು ಕೆಡುವುದು ಕಂಪನಿಯದ್ದಲ್ಲ, ಅಂಗಡಿಯದ್ದು.

ಮೊಬೈಲಿನಲ್ಲೇ ಪರೀಕ್ಷಿಸುವುದು ಹೇಗೆ?

ಇದಕ್ಕೆ ರೊಕ್ಕ ಬೇಕಿಲ್ಲ. ಮನೆಯಲ್ಲಿ ಕಾಲೇಜು ಓದುವ ಹುಡುಗ ಹುಡುಗಿ ಇದ್ದರೆ ಹತ್ತು ನಿಮಿಷದ ಕೆಲಸ.

• ಗೂಗಲ್ ಸ್ಕಾಲರ್‌ನಲ್ಲಿ ಹೆಸರು ಹಾಕಿ. ಒಟ್ಟು ಅಂಕಿ ನೋಡಿ ನಿಲ್ಲಬೇಡಿ. ಮೇಲಿನ ಐದು ಲೇಖನ ಯಾವುವು, ಅವು ರಿವ್ಯೂಗಳೋ ಸ್ವಂತ ಪ್ರಯೋಗಗಳೋ ನೋಡಿ. ಉಲ್ಲೇಖದ ಸಂಖ್ಯೆ ಒತ್ತಿದರೆ ಯಾರು ಉಲ್ಲೇಖಿಸಿದ್ದಾರೆ ಎಂಬ ಪಟ್ಟಿ ತೆರೆಯುತ್ತದೆ. ಬೇರೆ ಬೇರೆ ಊರು, ಬೇರೆ ಬೇರೆ ದೇಶದವರಿದ್ದರೆ ಚೊಲೊ. ಅದೇ ನಾಲ್ಕು ಹೆಸರು ಸುತ್ತಿ ಸುತ್ತಿ ಬಂದರೆ ಎಚ್ಚರ.

• ವೈದ್ಯಕೀಯ, ಜೀವರಸಾಯನ ಲೇಖನಗಳಿಗೆ ಪಬ್‌ಮೆಡ್ ಇದೆ. ಅಮೆರಿಕದ ಸರ್ಕಾರಿ ಗ್ರಂಥಾಲಯ ನಡೆಸುವ ಈ ಜಾಲತಾಣದಲ್ಲಿ ಲೇಖನದ ಸಾರಾಂಶ ಉಚಿತ. ಹಿಂಪಡೆದ ಲೇಖನವಾದರೆ ಅಲ್ಲೇ ಎದ್ದು ಕಾಣುವಂತೆ ಬರೆದಿರುತ್ತದೆ.

• 'ರಿಟ್ರಾಕ್ಷನ್ ವಾಚ್' ಕಡತದಲ್ಲಿ ಹಿಂಪಡೆದ ಲೇಖನಗಳ ವಿವರ ಕಾರಣ ಸಮೇತ ಇದೆ. 2023ರಿಂದ ಅದು ಎಲ್ಲರಿಗೂ ಮುಕ್ತ.

• ಒಂದೇ ಹೆಸರಿನವರು ಹಲವರಿರುತ್ತಾರೆ. ದಾಸ್, ಪಾಟೀಲ, ಕುಲಕರ್ಣಿ, ಬಿರಾದಾರ ಎಂದು ಹುಡುಕಿದರೆ ನೂರಾರು ಮಂದಿ ಸಿಗುತ್ತಾರೆ. ಒಬ್ಬರ ಲೇಖನ ಇನ್ನೊಬ್ಬರ ಖಾತೆಗೆ ಬೀಳುತ್ತದೆ. ಅದಕ್ಕೇ 2012ರಿಂದ 'ಆರ್ಕಿಡ್' ಎಂಬ 16 ಅಂಕಿಯ ಗುರುತು ಸಂಖ್ಯೆ ಬಂದಿದೆ. ಸಂಶೋಧಕರ ಆಧಾರ್ ಇದ್ದಂತೆ.

• ನಮ್ಮೂರಿನವರ ಹಳೆಯ ಕೆಲಸ ಹುಡುಕುವಾಗ 'ವಿಜಯಪುರ' ಎಂದಷ್ಟೇ ಹಾಕಿದರೆ ಸಿಗುವುದಿಲ್ಲ. ನಗರದ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಲೇಖನಗಳಲ್ಲಿ 'ಬಿಜಾಪುರ' ಎಂದೇ ಇದೆ.

ಪೂರ್ತಿ ಲೇಖನ ಓದಲು ಹಲವು ಪತ್ರಿಕೆಗಳು ದುಬಾರಿ ಫೀಸು ಕೇಳುತ್ತವೆ. ಇದಕ್ಕಾಗಿ ಕೇಂದ್ರ ಸರ್ಕಾರ 'ಒಂದು ದೇಶ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ. 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳು ಸುಮಾರು 13,000 ಪತ್ರಿಕೆಗಳನ್ನು ಓದಬಹುದು. ಇದು ಅಂಗಡಿಯ ಜಿಎಸ್‌ಟಿಯಿಂದ, ಎಲ್ಲರ ತೆರಿಗೆಯಿಂದ ಹೋಗುವ ರೊಕ್ಕ. ಮಕ್ಕಳು ಕಾಲೇಜು ಗ್ರಂಥಾಲಯದಲ್ಲಿ ಲಾಗಿನ್ ಕೇಳಿ ಪಡೆದು ಓದುವುದು ಅವರ ಹಕ್ಕು.

ಬಾಕಿ ಉಳಿದ ಲೆಕ್ಕ

ಅಥಣಿ ರಸ್ತೆಯ ಆ ಲೇಖನಕ್ಕೆ ಮರಳಿದರೆ ಒಂದು ಮಾತು ಉಳಿಯುತ್ತದೆ. ದೊಡ್ಡ ನಗರ, ದೊಡ್ಡ ಪ್ರಯೋಗಾಲಯ ಇಲ್ಲದೆಯೂ, ಗುಮ್ಮಟದ ಊರಿನ ಮೂವರು ಬರೆದ 14 ಪುಟಗಳನ್ನು ಹೊರದೇಶದವರು ಆಧಾರವಾಗಿ ಬಳಸಿದರು. ಅದು ಹೆಮ್ಮೆಯ ವಿಷಯವೇ. ಆದರೆ ಹೊರದೇಶದವರು ಓದಿದ ಆ ವಿಷಯ ಅದೇ ರಸ್ತೆಯಲ್ಲಿ ದಿನಾ ಓಡಾಡುವ ಮಂದಿಗೆ ಕನ್ನಡದಲ್ಲಿ ತಲುಪಿದೆಯೆ? ಕಿವಿಯೋಲೆ ಮಾರುವವರಿಗೆ, ಲೇಪನದ ಕೆಲಸ ಮಾಡುವವರಿಗೆ, ಕೈ ತುರಿಸುತ್ತಿದ್ದರೂ ಸುಮ್ಮನಿರುವವರಿಗೆ ಯಾರಾದರೂ ಹೇಳಿದ್ದಾರೆಯೆ?

ಉಲ್ಲೇಖದ ವಹಿಯಲ್ಲಿ ಆ ಕಾಲಮ್ಮೇ ಇಲ್ಲ. ಅದನ್ನು ಬರೆಯಬೇಕಾದವರು ಸ್ಥಳೀಯರು. ಕಾಲೇಜುಗಳು ಸನ್ಮಾನ ಸಮಾರಂಭ ಮಾಡಲಿ, ಬೇಡ ಎನ್ನುವವರಿಲ್ಲ. ಶಾಲು ಹೊದಿಸಿದ ಮೇಲೆ ಆ ಪ್ರಾಧ್ಯಾಪಕರನ್ನು ಟಿಕೋಟಾ ಅಥವಾ ಬಬಲೇಶ್ವರದ ಸಂತೆಯ ದಿನ ಅರ್ಧ ತಾಸು ಕರೆದು 'ಸರ್, ನೀವು ಕಂಡುಕೊಂಡದ್ದು ಏನು, ನಮಗೆ ತಿಳಿಯೋ ಹಂಗ ಹೇಳ್ರಿ' ಎಂದು ಕೇಳಿದರೆ ಸಾಕು. ನಿಜವಾಗಿ ಕೆಲಸ ಮಾಡಿದವರು ಖುಷಿಯಿಂದ ಹೇಳುತ್ತಾರೆ. ಬರೀ ಅಂಕಿ ಕೂಡಿಸಿದವರು ಅಂಕಿಯನ್ನೇ ಇನ್ನೊಮ್ಮೆ ಹೇಳುತ್ತಾರೆ.